ಒಣಗದ ಮಡಿ ಸೀರೆ

ಕಾಲು ಆಡಿಸ್ಬೇಡ ಮರಿ, ಹೊದಿಕೆಯೆಲ್ಲ ಕಿತ್ತು ಬರುತ್ತೆ. ಹೇಳ್ತೀನಿ, ಹೇಳ್ತೀನಿ. ನಮ್ಮಜ್ಜಿಯ ಅಜ್ಜಿಗೂ ಇನ್ನೂ ಹಾಲುಹಲ್ಲು ಬಿದ್ದಿರದ ಒಂದಾನೊಂದು ಕಾಲದಲ್ಲಿ, ಹೊಳೆ ದಂಡೆ ಮೇಲೆ ಒಂದು ಊರು, ಆ ಊರಲ್ಲಿ ಭಾಗೀರಥಿ ಅಂತ ಒಬ್ಬಳು ಸೊಸೆ ಇದ್ಳಂತೆ. ಎಲ್ಲರೂ ಭಾಗಿ ಭಾಗಿ ಅನ್ನೋರಂತೆ. ಕೂತಲ್ಲಿ ಕೂರೋಳಲ್ಲ, ನಿಂತಲ್ಲಿ ನಿಲ್ಲೋಳಲ್ಲ. ಹಾಲು ಕಾಯಕ್ಕಿಟ್ರೆ ಉಕ್ಕೋದ್ರೊಳಗೆ ಹತ್ತು ಸಲ ಬಗ್ಗಿ ನೋಡೋಳು, ಅವರೆ ಬೀಜ ಊರಿದ ಮಾರನೇ ದಿನವೇ ಮಣ್ಣು ಕೆದಕಿ ಮೊಳಕೆ ಬಂತಾ ಅಂತ ನೋಡೋಳು. ನಿನ್ನ ಹಾಗೇ ಅಂದ್ಕೋ.

ಗಂಡ ದೂರದ ಊರಿಗೆ ಪುರಾಣ ಹೇಳಕ್ಕೆ ಹೋದೋನು ಹಬ್ಬಕ್ಕೇ ಬರೋದು. ಮನೇಲಿ ಅವಳೂ ಅವಳತ್ತೆ ಅಂಬಕ್ಕನೂ ಇಬ್ಬರೇ. ಅಂಬಕ್ಕನಿಗೆ ಕಾಲು ಉಳುಕಿ ಬಾತುಕೊಂಡಿತ್ತು, ಜಗಲಿ ಬಿಟ್ಟು ಏಳೋ ಹಾಗಿರಲಿಲ್ಲ. ಹಾಗಿರುವಾಗ ಶ್ರಾವಣದ ಶುಕ್ರವಾರ ಬಂತು. ಅವತ್ತು ಮನೆದೇವರಿಗೆ ಎಡೆ ಆಗ್ಬೇಕು. ಎಡೆ ಅಡುಗೆ ಮಾಡೋಳು ಸ್ನಾನ ಮಾಡಿ ಮಡಿ ಸೀರೆ ಉಡಬೇಕು. ಮಡಿ ಸೀರೆ ಅಂದ್ರೆ ಗೊತ್ತಲ್ಲ, ಒಗೆದು ಹಿಂಡಿ, ಕೈಗೆ ಎಟುಕದ ಹಾಗೆ ಎತ್ತರದ ಗಳದ ಮೇಲೆ ಕೋಲಲ್ಲಿ ಹರವಿ ಒಣಗಿಸಿದ್ದು. ಮಾಮೂಲಿ ಬಟ್ಟೆ ಉಟ್ಟೋರು ಅದಕ್ಕೆ ಬೆರಳು ತಗುಲಿಸಿದ್ರೂ ಮುಗೀತು, ಮೈಲಿಗೆ, ಮತ್ತೆ ನೀರಿಗೆ ಹಾಕ್ಬೇಕು. ಆ ಮನೆಗೆ ಇದ್ದಿದ್ದೇ ಒಂದು ಮಡಿ ಸೀರೆ.

ಬೆಳಗ್ಗೆ ಭಾಗಿ ಇನ್ನೂ ಸ್ನಾನಕ್ಕೆ ಹೋಗಿರಲಿಲ್ಲ, ಅವಳಣ್ಣ ಶೇಷಣ್ಣ ಏದುಸಿರು ಬಿಡ್ತಾ ಬಂದ್ನಂತೆ. ನಮ್ಮ ಯಮುನಿ ನಾಳೆ ಬೆಳಗಾದ್ರೆ ಗಂಡನ ಮನೆಗೆ ಹೊರಡ್ತಾಳೆ ಕಣೇ, ಏಳು ಹೊಳೆ ದಾಟಿದ ಊರು, ಮತ್ತೆ ಯಾವ ಕಾಲಕ್ಕೆ ಬರ್ತಾಳೋ, ಅಕ್ಕ ಬಂದು ಜಡೆ ಹಾಕದಿದ್ರೆ ಏಳಲ್ಲ ಅಂತ ಕಂಬ ತಬ್ಕೊಂಡು ಕೂತಿದಾಳೆ. ಹೊಳೆಯಾಚೆ ಗಾಡಿ ನಿಲ್ಲಿಸಿ ಬಂದಿದೀನಿ, ಹೊತ್ತು ಮುಳುಗೋದ್ರೊಳಗೆ ಹರಿಗೋಲು ಹತ್ತಬೇಕು, ಆಮೇಲೆ ಅಂಬಿಗ ಹರಿಗೋಲು ಬೋರಲು ಹಾಕಿ ಮನೆಗೆ ಹೋಗಿಬಿಡ್ತಾನೆ ಅಂದ. ತಂಗಿ ಯಮುನಿ ತಾಯಿಲ್ಲದ ಕೂಸು, ಭಾಗೀನೇ ಎತ್ತಿ ಆಡಿಸಿ ಬೆಳೆಸಿದ್ದು. ಅವಳ ಜೀವ ಆಗಲೇ ಹೊಳೆ ದಾಟಿಬಿಡ್ತು.

ಹೋಗು, ಬೇಡ ಅನ್ನಲ್ಲ, ಆದ್ರೆ ಎಡೆ ಆಗದೆ ಮನೆ ಸೊಸೆ ಹೊಸಿಲು ದಾಟೋ ಹಾಗಿಲ್ಲ ಅಂದ್ಳಂತೆ ಅಂಬಕ್ಕ. ಅಯ್ಯೋ ಅದಕ್ಕೇನತ್ತೆ, ಈಗ ಮಾಡಿಬಿಡ್ತೀನಿ ಅಂತ ಭಾಗಿ ಸಂತೋಷದಲ್ಲಿ ಕುಣೀತಾ ಒಳಗೆ ಓಡಿದೋಳು, ಸ್ನಾನ ಇಲ್ಲ, ಕೋಲಿಲ್ಲ, ಮುಕ್ಕಾಲಿ ಮಣೆ ಹತ್ತಿ ಮಡಿ ಸೀರೇನ ಕೈಯಲ್ಲೇ ಸರ್ರನೆ ಎಳೆದುಬಿಟ್ಳಂತೆ! ಒಣಗಿ ಗರಿಗರಿ ಆಗಿದ್ದ ಸೀರೆ. ಕೈಯಲ್ಲಿ ಹಿಡ್ಕೊಂಡು ಕಲ್ಲಾಗಿ ನಿಂತ್ಲು. ಜಗಲಿ ಮೇಲಿಂದ ಅಂಬಕ್ಕ, ಮುಟ್ಟಿದ್ಯಾ ಅಂದ್ಳು. ಮುಟ್ಟಿದೆ ಅತ್ತೆ ಅಂದ್ಳು ಇವಳು.

ಆಮೇಲೆ ಬಾವಿಗೆ ಓಡಿದ್ಲು, ತಲೆ ಮೇಲೆ ನೀರು ಹುಯ್ಕೊಂಡ್ಲು, ಒದ್ದೆಯಲ್ಲೇ ಸೀರೆ ಒಗೆದು ಹಿಂಡಿ, ಬಾವಿ ಪಕ್ಕದ ಬಂಡೆ ಮೇಲೆ ಹರವಿದ್ಲು, ಗಳಕ್ಕಿಂತ ಬಂಡೆ ಬಿಸಿ, ಬೇಗ ಒಣಗುತ್ತೆ ಅಂತ. ತಾನು ಮಾಮೂಲಿ ಸೀರೆ ಉಟ್ಕೊಂಡು ಬಂದು ಕೂತ್ಲು. ಶ್ರಾವಣದ ಬಿಸಿಲು ಕೇಳ್ಬೇಕೇ, ಒಂದು ಗಳಿಗೆ ಇಣುಕೋದು, ಒಂದು ಗಳಿಗೆ ಮೋಡದೊಳಗೆ ಹೋಗೋದು. ಭಾಗಿ ಏಳೋದು, ಕೂರೋದು, ಸೂರ್ಯನ್ನ ಬಯ್ಯೋದು. ಒಣಗಿದ ಹಾಗೆ ಕಾಣ್ತು. ಒಣಗಿದ್ಯೋ ಇಲ್ವೋ? ಒಂದೇ ಒಂದು ಬೆರಳು, ಸೆರಗಿನ ತುದಿಗೆ, ಅಂತ ಹಿಂಗೆ ಮುಟ್ಟಿದ್ಲಂತೆ. ಮುಟ್ಟಿದ ಮೇಲೆ ನೆನಪಾಯ್ತು ಮಹಾರಾಯ್ತಿಗೆ! ಅಂಬಕ್ಕ ಹಣೆ ಚಚ್ಚಿಕೊಂಡ್ಲು. ಮತ್ತೆ ಬಾವಿ, ಮತ್ತೆ ತಲೆ ಮೇಲೆ ನೀರು.

ಎರಡನೇ ಸಲ ಅಂಗಳದಲ್ಲಿ ಎರಡು ಮರಕ್ಕೆ ಹಗ್ಗ ಕಟ್ಟಿ ಗಾಳಿಗೆ ಹಾಕಿದ್ಲಂತೆ. ಈ ಸಲ ಮುಟ್ಟಲ್ಲ ಅಂತ ಎರಡೂ ಕೈ ತೊಡೆ ಕೆಳಗೆ ಇಟ್ಕೊಂಡು ಕೂತ್ಲು. ಆದ್ರೆ ಮುಳ್ಳಿನ ಮೇಲೆ ಕೂತ ಹಾಗೆ. ಶೇಷಣ್ಣ ಬೇರೆ ಗಳಿಗೆಗೊಂದ್ಸಲ ಬಾಗಿಲಿಗೆ ಹೋಗಿ ಹೊತ್ತು ನೋಡಿ ಬರೋನು, ಹೊತ್ತು ಇಳೀತಾ ಇದೆ ಭಾಗಿ, ಅನ್ನೋನು. ಗೊತ್ತು ಸುಮ್ನಿರೋ ಅಂತ ಅಣ್ಣನ ಮೇಲೆ ರೇಗಿ ಎದ್ದು, ಮುಟ್ಟಲ್ಲ, ಬರೀ ಕೆಳಗಿಂದ ನೋಡ್ತೀನಿ ನೀರು ತೊಟ್ಟಿಕ್ತಿದ್ಯಾ ಅಂತ, ಅಂದ್ಕೊಂಡು ಹೋಗಿ ಸೀರೆ ಕೆಳಗೆ ಬಗ್ಗಿದ್ಲು. ಎಲ್ಲಿತ್ತೋ ಗಾಳಿ, ಬೀಸ್ತು ನೋಡು, ಸೀರೆ ಬಂದು ಮುಖಕ್ಕೆ ಪಟೀರಂತ ಹೊಡೀತು! ನಗ್ತೀಯಾ? ಅವಳಿಗೆ ಅಳು ಬಂತು ಕಣೋ. ಬಾವಿ ಕಟ್ಟೆ ಮೇಲೆ ಕೂತು ಯಮುನೀ ಯಮುನೀ ಅಂತ ಅತ್ಲಂತೆ.

ಮತ್ತೆ ಮಿಂದು, ಸೀರೆ ಒಗೆದು, ಮೂರನೇ ಸಲ ಹರವೋಷ್ಟರಲ್ಲಿ ಮೋಡ ಕವಿದು ಹನಿ ಉದುರಕ್ಕೆ ಶುರುವಾಯ್ತು. ಭಾಗಿ ಒಳಗೆ ಕೆಂಡ ಮಾಡಿ, ಅದರ ಮೇಲೆ ದೊಡ್ಡ ಬಿದಿರು ಬುಟ್ಟಿ ಬೋರಲು ಹಾಕಿ, ಬುಟ್ಟಿ ಮೇಲೆ ಸೀರೆ ಹರವಿದ್ಲಂತೆ, ಬಾಣಂತಿ ಮನೇಲಿ ಕೂಸಿನ ಬಟ್ಟೆ ಒಣಗಿಸ್ತಾರಲ್ಲ ಹಾಗೆ. ಮತ್ತೆ ಮಾಮೂಲಿ ಸೀರೆ ಉಟ್ಕೊಂಡು ದೂರ ಕೂತ್ಲು. ಸೀರೆಯಿಂದ ಹಬೆ ಏಳ್ತು, ಇನ್ನೇನು ಒಣಗ್ತು. ಬೇಗ ಆಗ್ಲಿ ಅಂತ ಊದುಗೊಳವೆ ತಗೊಂಡು ಕೆಂಡಾನ ಊದಿದ್ಲು. ಊದಿದ್ಲು, ಊದಿದ್ಲು. ಒಂದು ಕಿಡಿ ಹಾರಿ ಸೆರಗಿಗೆ ಕೂತು ಹೊಗೆ ಎದ್ದಾಗ, ಅಂಬಕ್ಕ ಜಗಲಿಯಿಂದ ಮುಟ್ಟಬೇಡ್ವೇ ಅಂತ ಕೂಗಿದ್ಲು. ಮುಟ್ಟದೆ ಇದ್ರೆ ಉರಿದುಹೋಗುತ್ತಲ್ಲ! ಭಾಗಿ ಬಾಚಿಕೊಂಡು ಎರಡೂ ಕೈಯಲ್ಲಿ ಹೊಸಕಿದ್ಲು. ಸೀರೆ ಉಳೀತು, ಮಡಿ ಹೋಯ್ತು.

ಮಳೆ ಹನಿ ನಿಂತಿತ್ತು, ಇಳಿಬಿಸಿಲು ಬಾಗಿಲ ಹೊಸಿಲ ಹತ್ರ ಬಂದಿತ್ತು. ಶೇಷಣ್ಣ ಚಪ್ಪಲಿ ಮೆಟ್ಟಿದ. ಭಾಗಿ ಸೀರೆ ಹಿಡ್ಕೊಂಡು ಬಾವಿಗೆ ಹೋದ್ಲು, ನೀರು ಸೇದಿದ್ಲು, ತಲೆ ಮೇಲೆ ಹುಯ್ಕೊಂಡ್ಲು, ಸೀರೆ ಅದ್ದಿದ್ಲು. ಹಿಂಡುವಾಗ ಅವಳ ಕೈ ನಿಂತುಬಿಡ್ತಂತೆ. ಅಲ್ಲ, ಬೆಳಗಿಂದ ಇಷ್ಟು ಸಲ ಒಗೆದೆ, ಹಿಂಡಿದೆ, ಹರವಿದೆ, ಆಗೆಲ್ಲ ನಾನು ಒದ್ದೆಯಲ್ಲಿದ್ದೆ, ನನ್ನ ಕೈ ಮೈಲಿಗೆ ಅಂತ ಯಾರೂ ಅನ್ನಲಿಲ್ಲವಲ್ಲ ಅಂದ್ಕೊಂಡ್ಲು! ತೊಪ್ಪೆ ಒದ್ದೆ ಸೀರೇನೇ ಉಟ್ಕೊಂಡು, ನೀರು ಸುರಿಸ್ಕೊಂಡು ಜಗಲಿ ಮುಂದೆ ಬಂದು ನಿಂತ್ಲು. ಅತ್ತೆ, ಒದ್ದೆ ಮಡಿಯಲ್ಲವಾ, ಅಂತ ಕೇಳಿದ್ಲು.

ಅಂಬಕ್ಕ ತಲೆ ತಗ್ಗಿಸಿ, ಮಡೀನೇ ಕಣೇ, ನಮ್ಮತ್ತೆ ಕಾಲದಲ್ಲಿ ಒದ್ದೆಯಲ್ಲೇ ಅಡುಗೆ ಮಾಡ್ತಿದ್ವಿ ಅಂದ್ಳಂತೆ.

ಬೆಳಗ್ಗೆಯೇ ಯಾಕೆ ಹೇಳಲಿಲ್ಲ ಅತ್ತೆ? ಹೇಳಿದ್ರೆ ಈ ಹೊತ್ತಿಗೆ ನಾನು ಯಮುನಿ ಪಕ್ಕ ಇರ್ತಿದ್ದೆ ಅಂತ ಭಾಗಿ ಜೋರಾಗೇ ಕೇಳಿದ್ಲು. ಒದ್ದೆಯಲ್ಲಿದ್ರೆ ಶೀತ ಆಗುತ್ತೆ ಅಂತ, ಅಂದ್ಳು ಅಂಬಕ್ಕ. ಮತ್ತೆ ತಾನೇ, ಅದೂ ಅಲ್ಲ ಬಿಡು, ನೀನು ಹೋದ್ರೆ ಈ ಮನೇಲಿ ಮಾತಾಡಕ್ಕೆ ಗೋಡೆ ಬಿಟ್ರೆ ಯಾರಿದಾರೆ, ತವರಿಗೆ ಹೋದೋಳು ಅಲ್ಲೇ ಉಳಿದುಬಿಟ್ರೆ, ಬೆಳಗಿಂದ ನನಗೆ ಅದೇ ಹೆದರಿಕೆ ಕಣೇ, ಸೀರೆ ಒಣಗದೇ ಇರ್ಲಿ ಅಂತ ದೇವರಿಗೆ ಕೈ ಮುಗಿದೆ ಅಂತ ಅತ್ತುಬಿಟ್ಳಂತೆ.

ಭಾಗಿಗೆ ಸಿಟ್ಟೂ ಬಂತು, ಪಾಪವೂ ಅನ್ನಿಸ್ತು. ನಿಂತು ಸಿಟ್ಟು ಮಾಡಕ್ಕೆ ಹೊತ್ತಿಲ್ಲವಲ್ಲ! ನೀವು ಮೊದಲು ಮುಖ ತೊಳ್ಕೊಂಡು ಒಳ್ಳೆ ಸೀರೆ ಉಟ್ಕೊಳಿ, ನಿಮ್ಮನ್ನೂ ಕರ್ಕೊಂಡೇ ಹೋಗೋದು ಅಂತ ಹೇಳಿ ಅಡುಗೆಮನೆಗೆ ನುಗ್ಗಿದ್ಲು. ಒಲೆಯಿಂದ ಒರಳಿಗೆ, ಒರಳಿಂದ ಬಾವಿಗೆ, ಬಾವಿಯಿಂದ ಒಲೆಗೆ ಆ ಒದ್ದೆ ಸೀರೆಯಲ್ಲಿ ಓಡಿದ್ದೇ ಓಡಿದ್ದು. ಅನ್ನ, ತೊವ್ವೆ, ಒಂದು ಪಾಯಸ ಆಯ್ತು, ದೇವರಿಗೆ ಎಡೆ ಇಟ್ಟು ದೀಪ ಹಚ್ಚಿ ಅಡ್ಡಬಿದ್ದು ಏಳೋ ಹೊತ್ತಿಗೆ, ಮೈಶಾಖಕ್ಕೂ ಒಲೆ ಶಾಖಕ್ಕೂ ಸೀರೆ ಮೈಮೇಲೇ ಒಣಗಿ ಗರಿಗರಿ ಆಗಿತ್ತಂತೆ!

ಆಮೇಲೆ ಬಾಗಿಲಿಗೆ ಬೀಗ ಹಾಕಿ, ಭಾಗಿ ಒಂದು ಕಡೆ ಶೇಷಣ್ಣ ಒಂದು ಕಡೆ ಹೆಗಲು ಕೊಟ್ಟು, ಅಂಬಕ್ಕನ್ನ ನಡುವೆ ಕುಂಟಿಸ್ಕೊಂಡು, ಓ ಅಂಬಿಗಣ್ಣಾ ನಿಲ್ಲೋ ಅಂತ ಕೂಗ್ತಾ ಹೋಗಿ ಹರಿಗೋಲು ಹತ್ತಿದ್ರಂತೆ.

ಬೆಳಗ್ಗೆ ಯಮುನಿಯ ಗಂಡನ ಕಡೆಯೋರು ಗಾಡಿ ಹೂಡಿ ನಿಂತಿದ್ರು. ಭಾಗಿ ತಂಗೀನ ಮುಂದೆ ಕೂರಿಸ್ಕೊಂಡು ಜಡೆ ಹೆಣೆದ್ಲು. ಅಂಬಕ್ಕ ಪಕ್ಕದಲ್ಲಿ ಕಾಲು ಚಾಚಿ ಹೂ ಕಟ್ಟಿ ಕೊಟ್ಳು. ಜಡೆ ಮುಗೀತು, ಭಾಗಿ ಅದನ್ನ ಬಿಚ್ಚಿಬಿಟ್ಳಂತೆ, ಸೊಟ್ಟಗಾಯ್ತು ಅಂತ. ಮತ್ತೆ ಹೆಣೆದ್ಲು, ಮತ್ತೆ ಬಿಚ್ಚಿದ್ಲು. ಹುಟ್ಟಿದಾಗಿಂದ ಯಾವುದಕ್ಕೂ ಕಾಯದೆ ಇದ್ದೋಳು ಅವತ್ತು ಒಂದೊಂದೇ ಎಳೆ ಹಿಡಿದು ನಿಧಾನಕ್ಕೆ, ನಿಧಾನಕ್ಕೆ ಹೆಣೆದ್ಲಂತೆ. ಸೊಟ್ಟ ಎಲ್ಲೂ ಇರಲಿಲ್ಲ. ಯಮುನಿಗೂ ಗೊತ್ತಿತ್ತು, ಬೇಗ ಮಾಡು ಅಕ್ಕಾ ಅಂತ ಅವಳೂ ಅನ್ನಲಿಲ್ಲ.

ಅಲ್ಲಿಗೆ ಅವರೆಲ್ಲ ಸುಖವಾಗಿದ್ರು, ನನ್ನ ಕತೆಯೂ ಒಣಗಿ ಮಡಚಿ ಇಟ್ಟಾಯ್ತು. ಇನ್ನು ಕಣ್ಣು ಮುಚ್ಚು ಮರಿ.