ಹರಿಗೋಲಿನಲ್ಲಿ ದೊರೆಯ ಹಿಂದೆ ಏಳು ಮಂದಿ

"ಬೆಳೆದ ರೀತಿ ಗಿಳೆದ ರೀತಿ ಎಲ್ಲ ನೆಪ ಕಣಯ್ಯ ಸೋವಣ್ಣ! ಆಳುವವನು ಎಲ್ಲಿದ್ದರೂ ಆಳುತ್ತಾನೆ. ನನ್ನನ್ನು ಕಾಡಿಗೆ ಬಿಡು, ಸಂತೆಗೆ ಬಿಡು, ಹೊಳೆಗೆ ಬಿಡು, ನಾನು ನಾನೇ!"

ಬಿಳಿಕಲ್ಲುದುರ್ಗದ ದೊರೆ ಕೆಂಚನಾಯಕ ಹೀಗೆ ತೊಡೆ ತಟ್ಟಿದ್ದೇ ತಡ, ಸಭೆಯೆಲ್ಲ ಭಲೇ ಭಲೇ ಎಂದಿತು. ದೊರೆ ಸೀನಿದರೂ ಭಲೇ ಎನ್ನುವ ಸಭೆ ಅದು, ಅದರ ಮಾತು ಬಿಡಿ. ಆಸ್ಥಾನದ ಮಾತುಗಾರ ಸೋವಣ್ಣ ಮಾತ್ರ ದೊರೆಯೆದುರು ಕೈಕಟ್ಟಿ ನಿಂತಿದ್ದ ಅಂಬಿಗ ಮೈಲಾರಿಯನ್ನೇ ನೋಡುತ್ತಿದ್ದ.

ಆಗಿದ್ದು ಇಷ್ಟೇ. ಮೊನ್ನೆ ಬೇಟೆಗೆ ಹೊರಟ ದೊರೆಯನ್ನು ಮೈಲಾರಿ ತನ್ನ ಹರಿಗೋಲಿನಲ್ಲಿ ಹೊಳೆ ದಾಟಿಸಿದ್ದ. ನಡುನೀರಿನಲ್ಲಿ ದೊರೆ ಎದ್ದು ನಿಂತು ಮೀಸೆ ತಿರುವಿದಾಗ, "ಏಯ್, ಕೂತ್ಕೊಳ್ಳೋ! ಎಲ್ಲಾರ್ನೂ ಮುಳುಗಿಸ್ತೀಯಾ?" ಎಂದು ಗದರಿದ್ದ. ದೊರೆ ತೆಪ್ಪಗೆ ಕೂತೂಬಿಟ್ಟಿದ್ದ! ಗದರಿದ್ದಕ್ಕಿಂತ ತಾನು ಕೂತದ್ದೇ ಅವನಿಗೆ ತಡೆಯಲಾರದ ಉರಿ. ಮೈಲಾರಿ ಹರಿಗೋಲನ್ನು ಅರಮನೆಗೆ ಒಪ್ಪಿಸಿ, ಹೆಂಡತಿ ಮಕ್ಕಳೊಂದಿಗೆ ಇವತ್ತೇ ಸೀಮೆ ಬಿಟ್ಟು ಹೋಗಬೇಕೆಂದು ಅಪ್ಪಣೆಯಾಗಿತ್ತು.

"ತಪ್ಪಾಯ್ತು ಬುದ್ಧಿ," ಎಂದಿದ್ದ ಮೈಲಾರಿ. "ನೆಲದ ಮೇಲೆ ನಿಮ್ಮ ನೆರಳು ಕಂಡ್ರೂ ಕೈ ಮುಗಿಯೋನು ನಾನು. ಹೊಳೆಗಿಳಿದ್ರೆ ಮಾತ್ರ ನಮ್ಮಪ್ಪ ಕಲಿಸಿದ್ದೇ ಬಾಯಿಗೆ ಬರುತ್ತೆ. ಯಾರು ಎಷ್ಟು ಭಾರ ಅಂತ ನೋಡ್ತೀವೇ ಹೊರತು, ಯಾರು ಅಂತ ನೋಡೋಕಾಗಲ್ಲ."

"ಅವನು ಬೆಳೆದದ್ದೇ ಹಾಗೆ ಮಹಾಸ್ವಾಮಿ, ಮನ್ನಿಸಬೇಕು," ಎಂದು ಸೋವಣ್ಣ ನಡುವೆ ಬಾಯಿ ಹಾಕಿದ್ದ. ಆ ಮಾತಿಗೇ ದೊರೆ ತೊಡೆ ತಟ್ಟಿದ್ದು.

ಸೋವಣ್ಣ ತಲೆ ಕೆರೆದುಕೊಂಡ. "ಹಾಗಾದರೆ ಅಂಬಿಗನೇ ಇಲ್ಲದೆ ತಾವೇ ಮುಂದಾಳಾಗಿ ಹೊಳೆ ದಾಟಿಸಬಹುದಲ್ಲ? ಹುಟ್ಟು ಹಾಕೋದು ದಳವಾಯಿಗಳಿಗೆ ಗೊತ್ತು. ಸಂಗಡ ಆಸ್ಥಾನದವರೇ ಇರಲಿ."

"ಅದೇನು ಮಹಾ! ದಾಟಿಸಿದರೆ ಏನು ಕೊಡ್ತೀಯ?"

"ಮೈಲಾರಿ ಜೊತೆ ನಾನೂ ಗಂಟುಮೂಟೆ ಕಟ್ಟುತ್ತೇನೆ. ದಾಟಿಸಲಾಗದಿದ್ದರೆ ಅವನ ಹರಿಗೋಲು ಅವನಿಗೆ, ಸೀಮೆ ಬಿಡುವ ಮಾತೂ ಇಲ್ಲ."

"ಆಗಲಿ!" ಎಂದ ದೊರೆ. ಮಾತು ಕೊಟ್ಟ ಮೇಲೆ ಸೋವಣ್ಣನಿಗೆ ಹೆಂಡತಿಯ ಮುಖ ನೆನಪಾಯಿತು. ಆದರೂ ಅವನಿಗೊಂದು ಧೈರ್ಯ. ಬಿಳಿಕಲ್ಲುದುರ್ಗದ ಅರಮನೆಯಲ್ಲಿ ಒಂದು ಕಟ್ಟುನಿಟ್ಟಿನ ಪದ್ಧತಿಯಿತ್ತು. ದೊರೆ ಸಿಂಹಾಸನ ಬಿಟ್ಟು ಎದ್ದನೆಂದರೆ ಪರಿವಾರದವರು ಯಾರೂ ಅವನ ಎದುರಿಗಾಗಲಿ ಪಕ್ಕಕ್ಕಾಗಲಿ ನಿಲ್ಲುವಂತಿಲ್ಲ. ಏನಿದ್ದರೂ ಬೆನ್ನ ಹಿಂದೆ. ಇದನ್ನು ಮೀರಿದ ಒಬ್ಬ ಪಾರುಪತ್ಯಗಾರ ಈಗ ಅರಮನೆಯ ಎಮ್ಮೆ ಮೇಯಿಸುತ್ತಿದ್ದ.

ಹರಿಗೋಲು ಹೊರಟಿತು. ದೊರೆ ಮುಂದಿನ ಅಂಚಿನಲ್ಲಿ ಆಚೆ ದಡದ ಕಡೆ ಮುಖ ಮಾಡಿ ನಿಂತ. ಪ್ರಧಾನಿ, ದಳವಾಯಿ, ಛತ್ರಿ ಹಿಡಿಯುವವನು, ಚಾಮರ ಬೀಸುವವನು, ಇಬ್ಬರು ಕರಣಿಕರು, ಕೊನೆಗೆ ಸೋವಣ್ಣ, ಹೀಗೆ ಏಳೂ ಮಂದಿ ಹಿಂದಿನ ಅಂಚಿನಲ್ಲಿ ಒತ್ತೊತ್ತಾಗಿ ನಿಂತರು. ಹಿಂಬದಿ ಕುಸಿದು ನೀರು ಒಳಗೆ ಇಣುಕಿತು.

"ಯಾರಾದರೂ ಮುಂದೆ ಬನ್ನಿರೋ!" ಎಂದ ದೊರೆ.

"ಶಿವ ಶಿವಾ! ತಮಗಿಂತ ಮುಂದೆ ಹೋಗುವುದುಂಟೇ?" ಎಂದ ಪ್ರಧಾನಿ.

ಬೈಯಲೆಂದು ದೊರೆ ಗಿರಕ್ಕನೆ ಹಿಂತಿರುಗಿದ. ಅಯ್ಯಯ್ಯೋ, ಈಗ ಏಳೂ ಮಂದಿ ದೊರೆಯ ಎದುರಿಗಾದರು! ಎದ್ದೆವೋ ಬಿದ್ದೆವೋ ಎಂದು ಎಲ್ಲರೂ ಅವನ ಬೆನ್ನ ಹಿಂದಕ್ಕೆ ಓಡಿದರು. ಹರಿಗೋಲು ಆ ಕಡೆಗೆ ವಾಲಿತು. ದೊರೆ ಅತ್ತ ತಿರುಗಿದ, ಅವರು ಇತ್ತ ಓಡಿದರು. ದೊರೆ ಇತ್ತ ತಿರುಗಿದ, ಅವರು ಅತ್ತ ಓಡಿದರು. ದಳವಾಯಿ ಹುಟ್ಟನ್ನೇ ಹೊಳೆಗೆ ಬಿಟ್ಟು ಓಡಿದ್ದ. ಮೂರನೇ ಓಟದಲ್ಲಿ ಸೋವಣ್ಣನಿಗೆ ತಿಳಿಯಿತು, ತಾನೂ ಓಡುತ್ತಿದ್ದೇನೆ ಎಂದು.

ದಡದಲ್ಲಿದ್ದ ಮೈಲಾರಿಗೆ ತಡೆಯಲಾಗಲಿಲ್ಲ. ನೀರಿಗೆ ಹಾರಿ, ಈಜುತ್ತಲೇ ಅರಚಿದ: "ಏಯ್ ಛತ್ರಿ, ಎಡಕ್ಕೆ ಕೂರೋ! ಬೊಜ್ಜಿನೋನೇ, ನೀನು ಬಲಕ್ಕೆ! ಮೀಸೆ, ನೀನು ನಡುವೆ ಕುಕ್ಕರಗಾಲಲ್ಲಿ ಕೂತ್ಕೋ! ಯಾವನಾದ್ರೂ ಅಲ್ಲಾಡಿದ್ರೆ ನೋಡು!"

ಛತ್ರಿ ಎಡಕ್ಕೆ ಕೂತ, ಪ್ರಧಾನಿ ಬಲಕ್ಕೆ ಕೂತ, ಬಿಳಿಕಲ್ಲುದುರ್ಗದ ದೊರೆ ನಡುವೆ ಕುಕ್ಕರಗಾಲಲ್ಲಿ ಕೂತ. ಮೈಲಾರಿ ಹರಿಗೋಲನ್ನು ಎಳೆದುಕೊಂಡು ಬಂದು ಹೊರಟ ದಡಕ್ಕೇ ಹಚ್ಚಿದ.

"ಸೋವಣ್ಣಾ!" ದೊರೆ ಪಂಚೆ ಹಿಂಡುತ್ತ ಗುಡುಗಿದ. "ಈ ಮುಟ್ಠಾಳರು ನನ್ನ ಮಾತು ಯಾಕೆ ಕೇಳಲಿಲ್ಲ?"

"ಕೇಳಲಿಲ್ಲವೇ ಮಹಾಸ್ವಾಮಿ? ಇಪ್ಪತ್ತು ವರ್ಷ ತಾವು ಕಲಿಸಿದ್ದನ್ನು ಚಾಚೂ ತಪ್ಪದೆ ಮಾಡಿದರಲ್ಲ. ಮುಳುಗುವಾಗಲೂ ತಮ್ಮ ಬೆನ್ನು ಬಿಡಲಿಲ್ಲ."

"ಎಲ್ಲ ತಿಳಿದವನು ನೀನು. ನೀನಾದರೂ ಎದುರಿಗೆ ಕೂರಬಹುದಿತ್ತಲ್ಲ?"

ಸೋವಣ್ಣನಿಗೆ ನಿಜಕ್ಕೂ ನಾಚಿಕೆಯಾಯಿತು. "ಮುಳುಗುವಂತಾದರೆ ಕೂರಬೇಕೆಂದೇ ಹತ್ತಿದ್ದೆ. ತಲೆ ನನ್ನದೇ ಮಹಾಸ್ವಾಮಿ, ಕಾಲು ಅರಮನೆಯದು. ಅದು ನನ್ನ ಮಾತು ಕೇಳಲಿಲ್ಲ."

ದೊರೆ ದುರುಗುಟ್ಟಿ ನೋಡಿದ. ಆಮೇಲೆ ಮೀಸೆ ಅದುರಿತು, ಹೊಟ್ಟೆ ಕುಣಿಯಿತು, ಹೊಳೆದಂಡೆಯೆಲ್ಲ ಕೇಳುವ ಹಾಗೆ ನಕ್ಕುಬಿಟ್ಟ. ತನ್ನ ಒದ್ದೆ ಶಾಲನ್ನೇ ಮೈಲಾರಿಗೆ ಹೊದಿಸಿದ.

"ಹರಿಗೋಲು ನಿನ್ನದೇ. ಆದರೆ ನಾಳೆಯಿಂದ ನೀನು ನನ್ನ ಆಸ್ಥಾನದಲ್ಲಿರಬೇಕು. ಇರಲಿಕ್ಕೆ ಮನೆ, ಎರಡು ಹೊತ್ತೂ ತುಪ್ಪದ ಊಟ. ನಾನು ವಾಲಿದಾಗ ಗದರಿಸೋದು, ಅಷ್ಟೇ ನಿನ್ನ ಕೆಲಸ."

ನೆಲದ ಮೇಲಿದ್ದನಲ್ಲ, ಮೈಲಾರಿ ಬಗ್ಗಿ ಕೈ ಮುಗಿದ.

"ಬ್ಯಾಡ ಬುದ್ಧಿ. ಆರು ತಿಂಗಳು ನಿಮ್ಮ ತುಪ್ಪ ತಿಂದ್ರೆ ಇವರ ಸಾಲಲ್ಲಿ ನಾನು ಎಂಟನೆಯೋನಾಗಿರ್ತೀನಿ. ಆಮೇಲೆ ದಡದಿಂದ ಕೂಗೋರು ಯಾರು?"