ಕೊಕ್ಕರೆ ಮುಟ್ಟದ ಮೀನು

ಗದ್ದೆಗೆ ಹೊಡೆದ ಕೀಟನಾಶಕ ಮಳೆನೀರಿನೊಡನೆ ಕೆರೆಗಿಳಿಯಿತು. ತಾಯಿ ಕೊರವ ಮೀನಿನ ಮರಿಗಳೂ ನೆರೆಹೊರೆಯ ಮೀನುಗಳೂ ಹೊಟ್ಟೆ ಮೇಲಾಗಿ ತೇಲಿದವು. ಅವಳ ಕಿವಿರೂ ಉರಿಯುತ್ತಿತ್ತು. ದಡದ ಕೊಕ್ಕರೆ ಮಾತ್ರ ಒಂದನ್ನೂ ಕುಕ್ಕದೆ ನಿಂತಿತ್ತು.

“ಹಗೆಯೇ, ನಿನಗೂ ಕರುಣೆ ಹುಟ್ಟಿತೇ?” ಎಂದಳು ತಾಯಿ.

“ಕರುಣೆಯಲ್ಲ. ನಿನ್ನೆ ನಿನ್ನ ಮರಿಯನ್ನು ನನ್ನ ಮರಿಗೆ ಉಣಿಸಿದೆ. ಅದು ಗೂಡಿನಲ್ಲೇ ಸತ್ತಿತು.”

ಅಷ್ಟರಲ್ಲಿ ಔಷಧಿ ಹೊಡೆದಿದ್ದ ಚೆನ್ನಬೋರನೇ ಬುಟ್ಟಿ ಹಿಡಿದು ಬಂದ. “ಬಲೆ ಬೀಸೋ ಕೆಲಸವೇ ಇಲ್ಲ! ಇವತ್ತು ಮಕ್ಕಳಿಗೆ ಹಬ್ಬ,” ಎನ್ನುತ್ತ ಸತ್ತ ಮೀನು ಬಾಚತೊಡಗಿದ.

“ಬೇಡವೋ! ನಿನ್ನ ಗೂಡಿನಲ್ಲೂ ಮರಿಗಳಿವೆ!” ಎಂದು ಕೊಕ್ಕರೆ ಕಿರುಚಿತು.

“ಹೊಟ್ಟೆಬಾಕ ಹಕ್ಕಿ! ನನ್ನ ಪಾಲಿಗೂ ಕಣ್ಣು ಹಾಕ್ತದೆ,” ಎಂದು ಅವನು ಕಲ್ಲೆಸೆದ.

ಕೊಕ್ಕರೆ ಹಾರಿಹೋಯಿತು. ತಾಯಿ ಅವನನ್ನು ಶಪಿಸಲು ಬಾಯಿ ತೆರೆದಳು. ಶಾಪ ಆಗಲೇ ಬುಟ್ಟಿ ತುಂಬಿ ಮನೆಗೆ ಹೊರಟಿದ್ದುದನ್ನು ಕಂಡು ಸುಮ್ಮನಾದಳು.