ಸೊರಬಪ್ಪನ ಕಣ

ಗುಂಜಕಲ್ಲು ಬೆಟ್ಟದ ನೆತ್ತಿಯಲ್ಲಿ ಈಗ ಕಾಣುವುದು ಅಂಗೈಯಂತೆ ಸಮವಾದ ಒಂದು ಉದ್ದನೆಯ ಬಯಲು. ಅದರ ಪಡುವಣ ತುದಿಯಲ್ಲಿ ಕಡಿದಾದ ಪ್ರಪಾತ. ಊರವರು ಇದನ್ನು ಸೊರಬಪ್ಪನ ಕಣ ಎನ್ನುತ್ತಾರೆ. ಹೊಸಬರು ಸೊರಬಪ್ಪನ ಗುಡಿ ಎಲ್ಲಿದೆಯೆಂದು ಹುಡುಕುವುದುಂಟು. ಗುಡಿಯಿಲ್ಲ, ಗದ್ದುಗೆಯೂ ಇಲ್ಲ. ಸೊರಬಪ್ಪ ದೇವರಲ್ಲ, ವಿಮಾನದಲ್ಲಿ ಬಂದು ಇಲ್ಲಿ ಇಳಿದವನು. ಇಳಿದ ಎನ್ನುವುದೂ ತುಸು ದೊಡ್ಡ ಮಾತೇ.

ಹಿಂದೆ ಒಮ್ಮೆ, ಅರಸರ ಆಳ್ವಿಕೆಯಲ್ಲಿ, ಗಣಿ ಕಂಪನಿಯೊಂದು ತನ್ನ ಪುಟ್ಟ ವಿಮಾನಕ್ಕಾಗಿ ಈ ನೆಲವನ್ನು ಕೆತ್ತಿಸಿ, ಕಲ್ಲಿನ ಗುಂಡು ಎಳೆಸಿ, ನಡುವೆ ಸುಣ್ಣದಿಂದ ದೊಡ್ಡದೊಂದು ಬಳೆ ಬರೆಸಿತಂತೆ. ವಿಮಾನ ನಡೆಸುವವನಿಗೆ ಮೇಲಿನಿಂದ ಗುರುತು ಸಿಗಲೆಂದು ಬರೆದದ್ದು ಅದು. ಆದರೆ ಕೆತ್ತಿ, ಗುಂಡು ಎಳೆದು, ಬಿಳಿಗೆರೆ ಸುತ್ತಿದ ನೆಲವನ್ನು ಬೆಟ್ಟದವರು ಇನ್ನೇನೆಂದುಕೊಂಡಾರು? ದೊರೆಗಳು ಪುಣ್ಯ ಕಟ್ಟಿಕೊಳ್ಳಲು ಊರಿಗೊಂದು ಕಣ ಮಾಡಿಸಿಕೊಟ್ಟರು ಎಂದುಕೊಂಡರು. ಆ ಸುಗ್ಗಿಯಲ್ಲಿ ಮೊದಲು ರಾಗಿ ತಂದವಳು ಗಂಡನಿಲ್ಲದ ಸಣ್ಣತಾಯಮ್ಮ. ವರ್ಷದ ಬೆಳೆಯನ್ನೆಲ್ಲ ಪ್ರಪಾತದ ಅಂಚಿನಲ್ಲಿ, ತೂರಲು ಗಾಳಿ ಚೆನ್ನಾಗಿ ಸಿಗುವ ಕಡೆ, ತೆನೆಸಮೇತ ಮನೆಯೆತ್ತರದ ಮೆದೆಯಾಗಿ ಒಟ್ಟಿದಳು.

ಕಂಪನಿಯ ಮೇಸ್ತ್ರಿ ರಾಚಪ್ಪ ಅದನ್ನು ಕಂಡು ಕೆಂಡವಾದ. "ನಾಳೆ ಇಮಾನ ಬತ್ತದೆ. ಹೊತ್ತಾರೆಗೆ ಮೆದೆ ಎತ್ತದಿದ್ರೆ ಬೆಂಕಿ ಇಕ್ಕುಸ್ತೀನಿ," ಎಂದ.

"ಅದೇನ್ ಇಕ್ಕುಸ್ತೀಯೋ ಇಕ್ಕುಸಪ್ಪ. ಜತೆಗೆ ನನ್ನೂವೆ ಸುಟ್ಬುಡು," ಎಂದು ಅವಳು ಮೆದೆಗೆ ಬೆನ್ನು ಕೊಟ್ಟು ಕೂತಳು. ಆ ರಾಗಿ ಹೋದರೆ ಮುಂದಿನ ಬೆಳೆಯವರೆಗೆ ಅವಳು ಒಲೆ ಹಚ್ಚುವಂತಿರಲಿಲ್ಲ.

ಮರುದಿನ ಬೆಳಗ್ಗೆ ರಾಚಪ್ಪ ಬೆಂಕಿಪೊಟ್ಟಣ ಹಿಡಿದೇ ಬಂದ. ಅಷ್ಟರಲ್ಲಿ ಆಕಾಶ ಮೊರೆಯಿತು. ವಿಮಾನ ನೆಲ ಮುಟ್ಟಿದ್ದೇ ತಡ, ಅದರ ಒಂದು ಗಾಲಿ ಕಳಚಿಕೊಂಡು ತನ್ನ ಪಾಡಿಗೆ ತಾನು ಉರುಳಿಹೋಯಿತು. ವಿಮಾನ ಒಂದು ರೆಕ್ಕೆಯನ್ನು ನೆಲಕ್ಕೆ ಎಳೆದುಕೊಂಡು ನೆಟ್ಟಗೆ ಪ್ರಪಾತದ ಕಡೆಗೇ ಜಾರಿತು. ರಾಚಪ್ಪ ಪೊಟ್ಟಣ ಬಿಸಾಕಿ ಓಟ ಕಿತ್ತ; ಸಣ್ಣತಾಯಮ್ಮ ಪಕ್ಕಕ್ಕೆ ಹಾರಿದಳು. ವಿಮಾನ ದಡಾರನೆ ಮೆದೆಗೆ ನುಗ್ಗಿತು. ಮೂತಿಯ ಪಂಖ ಗಿರ್ರನೆ ತಿರುಗಿ ಅರ್ಧ ಮೆದೆಯನ್ನು ಬಡಿದು, ಕಾಳನ್ನು ಬಯಲ ತುಂಬ ಎರಚಿತು; ಪ್ರಪಾತ ಇನ್ನೊಂದು ಮಾರು ಇರುವಾಗ ವಿಮಾನ ಹುಲ್ಲಿನಲ್ಲಿ ಸಿಕ್ಕಿ ನಿಂತಿತು. ಒಳಗಿನಿಂದ, ಮೈಯೆಲ್ಲ ಹೊಟ್ಟು ಮೆತ್ತಿದ ಎಳೆಯ ಪಾರ್ಸಿ ಚಾಲಕನೊಬ್ಬ ಸೀನುತ್ತ ಹೊರಬಂದ. ಮೇಸ್ತ್ರಿ ಓಡಿಬಂದು ಇವಳ ಮೇಲೆ ದೂರು ಹೇಳಲು ಬಾಯಿ ತೆರೆದ. ಚಾಲಕ ಬಗ್ಗಿ ಪ್ರಪಾತವನ್ನೊಮ್ಮೆ ನೋಡಿದ. ತಿರುಗಿ ಬಂದು ಸಣ್ಣತಾಯಮ್ಮನ ಕಾಲು ಮುಟ್ಟಿದ.

ಕಣದಲ್ಲಿ ದುಡಿದವನನ್ನು ಬರಿಗೈಯಲ್ಲಿ ಕಳಿಸುವ ಪದ್ಧತಿ ಈ ಬೆಟ್ಟದಲ್ಲಿಲ್ಲ. ಅವಳು ಉದುರಿದ ರಾಗಿಯನ್ನು ಮೊರಕ್ಕೆ ಬಳಿದು, ಹೆಸರು ಕೇಳಿದಳು. ಸೊಹ್ರಾಬ್ ಎಂದದ್ದು ಅವಳ ಕಿವಿಗೆ ಸೊರಬಪ್ಪ ಎಂದೇ ಬಿತ್ತು. "ಅರ್ಧ ಮೆದೆ ಬಡ್ದಿದ್ದೀಯ ಕನಪ್ಪ ಸೊರಬಪ್ಪ. ನಿನ್ ಪಾಲು, ಇಡ್ಕೊ," ಎಂದಳು. ಅವನು ಟೋಪಿ ಒಡ್ಡಿದ. ವಿಮಾನ ನೋಡಲು ಸೇರಿದ್ದ ಜನ ಹಾಕಿದ ಕೇಕೆ ಕೆಳಗಿನ ಊರಿಗೂ ಕೇಳಿಸಿತಂತೆ. ಆಮೇಲೆ ಅವನು, ಆ ಅಂಚಿನಲ್ಲಿ ಮೆದೆಯಿದ್ದರಷ್ಟೇ ಇಲ್ಲಿಗೆ ಬರುತ್ತೇನೆ ಎಂದು ಕಂಪನಿಗೆ ಕಡ್ಡಿ ಮುರಿದಂತೆ ಹೇಳಿದ. ಮುಂದಿನ ಸುಗ್ಗಿಯಿಂದ ರಾಚಪ್ಪನೇ ಆಳು ಕರೆತಂದು ಸಣ್ಣತಾಯಮ್ಮನ ಮೆದೆ ಒಟ್ಟಿಸಿಕೊಡಬೇಕಾಯಿತು.

ಗಣಿ ಮುಚ್ಚಿತು, ವಿಮಾನಗಳೂ ನಿಂತವು. ಸುಗ್ಗಿಯಲ್ಲಿ ಬೆಟ್ಟ ಹತ್ತಿದವರಿಗೆ ಪ್ರಪಾತದ ಅಂಚಿನುದ್ದಕ್ಕೂ ರಾಗಿಮೆದೆಗಳ ಸಾಲು ಇಂದಿಗೂ ಕಾಣಸಿಗುತ್ತದೆ. ಮೊದಲನೆಯದು ಸಣ್ಣತಾಯಮ್ಮನ ಮನೆಯವರದು. ಅದನ್ನು ಅಲ್ಲಿಂದ ಎತ್ತು ಎನ್ನುವ ಗಂಡಸು ಈ ಬೆಟ್ಟದಲ್ಲಿ ಇನ್ನೂ ಹುಟ್ಟಿಲ್ಲ.